ಟೆಂಡರಿನ ಬೆಲೆ ಬೇರೆ, ಮನೆಯ ಲೆಕ್ಕ ಬೇರೆ



2025ನೇ ಇಸವಿ ಆಷಾಢದಲ್ಲಿ ಒಂದು ದಿನ ತಿಪಟೂರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಹೋಟೆಲಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾಗ ಪರಿಚಯದವರೊಬ್ಬರು ಬಂದರು. ಸರ್ಕಾರಿ ನೌಕರಿ ಮಾಡಿ ರಿಟೈರ್ ಆದವರು. "ಏನ್ ಯಜಮಾನ್ರೆ, ಕೊಬ್ಬರಿ ಇಪ್ಪತ್ತೈದು ಸಾವಿರ ದಾಟ್ತಂತೆ! ಇನ್ನು ನಿಮ್ಮನ್ನ ಹಿಡಿಯೋರಿಲ್ಲ ಬಿಡಿ. ಇವತ್ತು ಕಾಫಿ ದುಡ್ಡು ನೀವೇ ಕೊಡಬೇಕು" ಅಂದರು. ಕೊಟ್ಟೆ. ಅವರು ಒಳ್ಳೆಯ ಮನುಷ್ಯರು, ಹೊಟ್ಟೆಕಿಚ್ಚಿನಿಂದ ಹೇಳಿದ ಮಾತಲ್ಲ ಅದು. ಆದರೆ ಆ ದಿನ ನನ್ನ ಜೇಬಿನಲ್ಲಿದ್ದದ್ದು ಹೆಂಡತಿಯ ಒಡವೆ ಅಡ ಇಟ್ಟ ಸಾಲಕ್ಕೆ ಬಡ್ಡಿ ಕಟ್ಟಲು ತಂದ ದುಡ್ಡು. ಅದನ್ನು ಅವರಿಗೆ ಹೇಳಲಿಲ್ಲ. ಹೇಳಿದ್ದರೂ ನಂಬುತ್ತಿರಲಿಲ್ಲ. ಇಪ್ಪತ್ತೈದು ಸಾವಿರದ ಕೊಬ್ಬರಿ ಬೆಳೆಯುವವನಿಗೆ ಎಂಥ ಬಡ್ಡಿ, ಎಂಥ ಸಾಲ?

ಊರಿಗೆ ಬಂದ ಮೇಲೆ ನೋಡಿದರೆ ಪಟ್ಟಣದವರಷ್ಟೇ ಅಲ್ಲ, ನಮ್ಮ ಅರಳಿಕಟ್ಟೆಯ ಮೇಲೆ ಕೂತವರೂ ಅದೇ ಮಾತು ಆಡುತ್ತಿದ್ದರು. "ಈ ಸಾರಿ ಪರವಾಗಿಲ್ಲ ಕಣಣ್ಣ, ರೈತನ ಕೈ ಮೇಲಾಯ್ತು." ಯಾರ ಕೈ ಮೇಲಾಯಿತು ಅಂತ ಒಬ್ಬೊಬ್ಬರನ್ನೇ ಕೇಳಿದೆ. "ನನ್ನದೇನೂ ಇಲ್ಲ, ನಾನು ಮೊದಲೇ ಕೊಟ್ಟುಬಿಟ್ಟೆ" ಅಂದ ಒಬ್ಬ. "ನನ್ನ ಅಟ್ಟದಲ್ಲಿ ಎರಡು ಚೀಲದಷ್ಟೂ ಇಲ್ಲ" ಅಂದ ಇನ್ನೊಬ್ಬ. ಮೂರನೆಯವನು ಎಳನೀರಿಗೇ ಕೊಟ್ಟಿದ್ದ. ಎಲ್ಲರೂ ಚೆನ್ನಾಗಿದ್ದಾರೆ, ನಾನೊಬ್ಬ ಮಾತ್ರ ಹಿಂದುಳಿದೆ ಎಂದು ಪ್ರತಿಯೊಬ್ಬನೂ ತಿಳಿದುಕೊಂಡಿದ್ದಾನೆ! ಇದೇ ನಾನು ಈ ಲೇಖನದಲ್ಲಿ ಹೇಳಬೇಕಾದ ವಿಷಯ. ಮಾರುಕಟ್ಟೆಯ ಬೆಲೆಯನ್ನೇ ರೈತನ ಸ್ಥಿತಿ ಅಂತ ಲೋಕ ತಿಳಿಯುತ್ತದೆ. ಲೋಕ ತಿಳಿದದ್ದನ್ನು ನಾವೂ ನಂಬುತ್ತೇವೆ. ನಂಬಿ ಇನ್ನಷ್ಟು ಸಾಲಕ್ಕೆ ಸಹಿ ಹಾಕುತ್ತೇವೆ.

ಮಾತಿಗಿಂತ ಲೆಕ್ಕ ಮುಖ್ಯ. ನನ್ನ ಮನೆಯ ಲೆಕ್ಕವನ್ನೇ ನಿಮ್ಮ ಮುಂದೆ ಇಡುತ್ತೇನೆ. ಮುಚ್ಚಿಡುವಂಥದ್ದು ಏನೂ ಇಲ್ಲ.

ನನಗಿರುವುದು ತುರುವೇಕೆರೆ ತಾಲ್ಲೂಕಿನಲ್ಲಿ ನಾಲ್ಕು ಎಕರೆ ತೋಟ, ಫಲ ಬಿಡುವ ಮರ 170. ನಮ್ಮ ತಂದೆಯ ಕಾಲದಲ್ಲಿ ಮರಕ್ಕೆ ವರ್ಷಕ್ಕೆ ಎಪ್ಪತ್ತು ಕಾಯಿಗೆ ಮೋಸವಿರಲಿಲ್ಲ. 1990ರ ದಶಕದ ಕೊನೆಗೆ ನುಸಿ ಬಂತು, ಕಾಯಿ ಸಣ್ಣದಾಯಿತು. ಆಮೇಲೆ ಕಪ್ಪುತಲೆ ಹುಳ, ಅಣಬೆ ರೋಗ, ಈಚೆಗೆ ಬಿಳಿ ನೊಣ. ಗರಿಯ ಮೇಲೆಲ್ಲ ಮಸಿ ಬಳಿದ ಹಾಗೆ ಕಪ್ಪು. ಈಗ ಸರಾಸರಿ ಮರಕ್ಕೆ ಮೂವತ್ತೈದು ಕಾಯಿ. 2024ರಲ್ಲಿ ಕಿತ್ತ ಕಾಯಿ ಸುಮಾರು 6,000. ಮನೆ ಖರ್ಚಿಗೆ, ಹಬ್ಬ ಹರಿದಿನಕ್ಕೆ, ನೆಂಟರಿಗೆ ಹೋದದ್ದು, ಅಟ್ಟದಲ್ಲಿ ಕೆಟ್ಟದ್ದು, ಕೌಟಾದದ್ದು ಎಲ್ಲ ಕಳೆದು 2025ರಲ್ಲಿ ಮಾರಿದ ಉಂಡೆ ಕೊಬ್ಬರಿ ಏಳು ಕ್ವಿಂಟಾಲ್.

ಈ ಏಳರಲ್ಲಿ ನಾಲ್ಕು ಕ್ವಿಂಟಾಲನ್ನು ವರ್ಷದ ಮೊದಲಲ್ಲೇ 14,500ರ ಹಾಗೆ ಕೊಟ್ಟೆ. ಮಗಳ ಕಾಲೇಜು ಫೀಸು ಕಟ್ಟಬೇಕಿತ್ತು, ಕೈಸಾಲದವರು ಬಾಗಿಲಿಗೆ ಬಂದಿದ್ದರು. ಉಳಿದ ಮೂರು ಕ್ವಿಂಟಾಲಿಗೆ 25,000 ಸಿಕ್ಕಿತು. ಚಿಪ್ಪು, ಮಟ್ಟೆ ಮಾರಿ ಬಂದದ್ದು 6,000. ಒಟ್ಟು 1,39,000 ರೂಪಾಯಿ.

ಇನ್ನು ಖರ್ಚು. ಎರಡು ಸಾರಿ ಉಳುಮೆ 12,000. ಕೊಟ್ಟಿಗೆ ಗೊಬ್ಬರ 18,000. ಸರ್ಕಾರಿ ಗೊಬ್ಬರ 9,000. ಕಾಯಿ ಕೀಳಿಸಿ, ಆಯಿಸಿ, ಅಟ್ಟಕ್ಕೆ ಹಾಕಿಸಿದ್ದು 10,000. ಸುಲಿಸಿ ಒಡೆಸಿದ್ದು 8,400. ಮೋಟರ್ ಸುಟ್ಟು ಕಟ್ಟಿಸಿದ್ದು 8,000. ಚೀಲ, ಸಾಗಾಣಿಕೆ 2,600. ಒಟ್ಟು 68,000. ನಾನು, ನನ್ನ ಹೆಂಡತಿ ವರ್ಷವಿಡೀ ದುಡಿದದ್ದಕ್ಕೆ ಇದರಲ್ಲಿ ಒಂದು ಪೈಸೆ ಕೂಲಿಯನ್ನೂ ಹಾಕಿಲ್ಲ.

ಉಳಿದದ್ದು 71,000. ಅದರಲ್ಲಿ ಒಡವೆ ಸಾಲದ ಬಡ್ಡಿ 7,500. ನೂರಕ್ಕೆ ಎರಡು ರೂಪಾಯಿಯಂತೆ ತಂದ ಒಂದು ಲಕ್ಷ ಕೈಸಾಲಕ್ಕೆ ವರ್ಷದ ಬಡ್ಡಿ 24,000. ಸೊಸೈಟಿ ಸಾಲ ಹೊಸದು ಮಾಡಿಸಲು ಆದ ಖರ್ಚು 2,500. ಬಡ್ಡಿಗೇ 34,000 ಹೋಯಿತು. ಅಸಲು ಒಂದು ರೂಪಾಯಿಯೂ ಕರಗಲಿಲ್ಲ. ಕೈಯಲ್ಲಿ ಉಳಿದದ್ದು 37,000. ತಿಂಗಳಿಗೆ ಮೂರು ಸಾವಿರದ ಚಿಲ್ಲರೆ! ನಮ್ಮ ಭಾಗದಲ್ಲಿ ಎಂದೂ ಕಾಣದ ಬೆಲೆ ಬಂದ ವರ್ಷದಲ್ಲಿ ನಾಲ್ಕು ಎಕರೆ ತೆಂಗಿನ ತೋಟದವನ ಸಂಪಾದನೆ ಇದು.

ಹೋಟೆಲಿನಲ್ಲಿ ಸಿಕ್ಕ ಆ ಯಜಮಾನರು ಮನಸ್ಸಿನಲ್ಲೇ ಹಾಕಿದ ಲೆಕ್ಕ ಯಾವುದು? ನಮ್ಮ ತಂದೆಯ ಕಾಲದ ಇಳುವರಿಯನ್ನು ಈಗಿನ ಬೆಲೆಯಿಂದ ಗುಣಿಸಿದ್ದು. ಹದಿನೈದು ಕ್ವಿಂಟಾಲ್, ಇಪ್ಪತ್ತೈದು ಸಾವಿರ, ಮೂರು ಮುಕ್ಕಾಲು ಲಕ್ಷ. ಆ ಇಳುವರಿ ಇದ್ದ ಕಾಲದಲ್ಲಿ ಈ ಬೆಲೆ ಇರಲಿಲ್ಲ. ಈ ಬೆಲೆ ಬಂದಾಗ ಆ ಇಳುವರಿ ಇಲ್ಲ. ಅಷ್ಟೇ ಅಲ್ಲ, ಬೆಲೆ ಏರಲು ಒಂದು ಕಾರಣವೇ ಮರದಲ್ಲಿ ಕಾಯಿ ಇಲ್ಲದ್ದು, ಇದ್ದ ಕಾಯಿ ಎಳನೀರಿಗೆ ಹೋದದ್ದು. ನಮ್ಮ ನಷ್ಟವೇ ಅವರ ಕಣ್ಣಿಗೆ ಲಾಭವಾಗಿ ಕಾಣುತ್ತದೆ. ಬೆಂಗಳೂರಿನಲ್ಲಿ ಒಂದು ಕಾಯಿಗೆ ಐವತ್ತು ರೂಪಾಯಿ ಕೊಟ್ಟ ಗೃಹಿಣಿ ಆ ಐವತ್ತೂ ರೈತನಿಗೆ ಹೋಯಿತು ಅಂದುಕೊಂಡು ಬೈಯುತ್ತಾಳೆ. ಅವಳಿಗೂ ಸತ್ಯ ಗೊತ್ತಿಲ್ಲ, ನಾವೂ ಹೇಳಿಲ್ಲ.

ಬೆಲೆ ಬಂದಾಗ ಇದು. ಬೆಲೆ ಬಿದ್ದಾಗ ಏನಾಗಿತ್ತು? 2023ನ್ನು ಯಾರೂ ಮರೆತಿರಲಾರಿರಿ. ಆ ಸಾಲಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಹೇಳಿದ ಬೆಂಬಲ ಬೆಲೆ 11,750. ತಿಪಟೂರು ಮಾರುಕಟ್ಟೆಯಲ್ಲಿ ಬೆಲೆ ಎಂಟು ಸಾವಿರಕ್ಕೂ ಕೆಳಗೆ ಹೋಯಿತು. ನಾನು ಒಂಬತ್ತು ಕ್ವಿಂಟಾಲನ್ನು ಎಂಟು ಸಾವಿರಕ್ಕೆ ಕೊಟ್ಟೆ. ಬಂದದ್ದು 72,000, ಖರ್ಚು 61,000. ಹನ್ನೊಂದು ಸಾವಿರದಲ್ಲಿ ಒಂದು ವರ್ಷ ಸಂಸಾರ ಸಾಗಿಸಬೇಕಿತ್ತು. ಮೇಲೆ ಹೇಳಿದ ಕೈಸಾಲ ಹುಟ್ಟಿದ್ದೇ ಆಗ. 2024ರ ಸಾಲಿಗೆ ಬೆಂಬಲ ಬೆಲೆ 12,000 ಆಯಿತು. ಫೆಬ್ರವರಿಯಲ್ಲಿ ನೋಂದಣಿಗೆ ಪಹಣಿ ಹಿಡಿದು ಸಾಲು ನಿಂತೆವು. ಅಕ್ರಮ ನಡೆದಿದೆ ಅಂತ ಆ ನೋಂದಣಿ ರದ್ದಾಯಿತು, ಮಾರ್ಚಿನಲ್ಲಿ ಮತ್ತೆ ಸಾಲು. ಅದೂ ಎಕರೆಗೆ ಇಷ್ಟು, ಒಬ್ಬ ರೈತನಿಂದ ಇಷ್ಟೇ ಎಂಬ ಮಿತಿ. ಪೇಪರಿನಲ್ಲಿ ಮಾತ್ರ "ಕೊಬ್ಬರಿಗೆ ಹನ್ನೆರಡು ಸಾವಿರ" ಅಂತ ದಪ್ಪಕ್ಷರ. ಅದನ್ನು ಓದಿದವರು ಇಡೀ ಮೂರು ತಾಲ್ಲೂಕಿನ ಕೊಬ್ಬರಿ ಆ ಬೆಲೆಗೆ ಹೋಯಿತು ಅಂತಲೇ ತಿಳಿದರು.

2023ರ ಗಾಯ 2025ರ ಬೆಲೆಯಿಂದ ವಾಸಿಯಾಗಲಿಲ್ಲ ಏಕೆ ಎಂದು ಈಗ ನಿಮಗೆ ಹೊಳೆದಿರಬೇಕು. ಬೆಲೆ ಬಿದ್ದಾಗ ಆದ ಸಾಲಕ್ಕೆ ಬಡ್ಡಿ ನಿಲ್ಲುವುದಿಲ್ಲ. ಬೆಲೆ ಏರುವ ಹೊತ್ತಿಗೆ, ಸಾಲ ಇದ್ದವನ ಅಟ್ಟ ಖಾಲಿಯಾಗಿರುತ್ತದೆ. ಕಾಯುವ ಶಕ್ತಿ ಇದ್ದವನಿಗೆ ಮಾತ್ರ ಏರಿದ ಬೆಲೆ. ಕೊಬ್ಬರಿ ಕೂಡಿಟ್ಟ ವರ್ತಕ ಕಾಯಬಲ್ಲ, ಹತ್ತಿಪ್ಪತ್ತು ಎಕರೆ ಇರುವ ದೊಡ್ಡ ಹಿಡುವಳಿದಾರ ಕಾಯಬಲ್ಲ. ನೀವು ನಾನು ಕಾಯಲಾರೆವು.

ಇಲ್ಲಿ ಇನ್ನೊಂದು ಮೋಸ ಇದೆ, ಅದು ಲೆಕ್ಕಪುಸ್ತಕದ ಮೋಸ. ತೆಂಗಿನಲ್ಲಿ ಹೊಂಬಾಳೆ ಒಡೆದು ಕಾಯಿ ಬಲಿಯಲು ಒಂದು ವರ್ಷ. ಆ ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಗಡಗಡ ಅನ್ನಬೇಕಾದರೆ ಇನ್ನೂ ಹತ್ತು ಹನ್ನೊಂದು ತಿಂಗಳು. ಅಂದರೆ ಇವತ್ತು ಮರದ ಬುಡಕ್ಕೆ ಹಾಕಿದ ಗೊಬ್ಬರ ದುಡ್ಡಾಗಿ ಬರಲು ಹೆಚ್ಚು ಕಡಿಮೆ ಎರಡು ವರ್ಷ. ಬೆಳೆ ಸಾಲದ ವಾಯಿದೆಯೋ, ಒಂದೇ ವರ್ಷ! ಕೆಲವೇ ತಿಂಗಳ ರಾಗಿಗೂ ಅದೇ ವಾಯಿದೆ, ಎರಡು ವರ್ಷದ ಕೊಬ್ಬರಿಗೂ ಅದೇ.

ಸಹಕಾರಿ ಸಂಘಗಳಲ್ಲಿ ಸೊನ್ನೆ ಬಡ್ಡಿ ಸಾಲದ ಮಿತಿಯನ್ನು 2023ರಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದರು. ಒಳ್ಳೆಯದೇ, ಇಲ್ಲ ಅನ್ನುವುದಿಲ್ಲ. ಆದರೆ ಸೊನ್ನೆ ಬಡ್ಡಿ ಸಿಗುವುದು ವಾಯಿದೆಗೆ ಸರಿಯಾಗಿ ಕಟ್ಟಿದವನಿಗೆ. ಕೊಬ್ಬರಿ ಇನ್ನೂ ಅಟ್ಟದಲ್ಲಿ ಒಣಗುತ್ತಿರುವಾಗ ಕಟ್ಟುವುದು ಎಲ್ಲಿಂದ? ನಾವು ಮಾಡುವುದು ಎಲ್ಲರಿಗೂ ಗೊತ್ತು. ಹತ್ತು ದಿನದ ಮಟ್ಟಿಗೆ ಹೊರಗಡೆ ಬಡ್ಡಿಗೆ ದುಡ್ಡು ತಂದು ಸೊಸೈಟಿಗೆ ಕಟ್ಟುತ್ತೇವೆ, ಹೊಸ ಸಾಲ ಎತ್ತಿ ಹೊರಗಿನವನಿಗೆ ತೀರಿಸುತ್ತೇವೆ. ಸೊಸೈಟಿಯ ಪುಸ್ತಕದಲ್ಲಿ ವಸೂಲಿ ಪೂರ್ತಿ. ಮೇಲಿನವರು ಅದನ್ನು ನೋಡಿ "ಈ ಭಾಗದ ರೈತರು ಸುಭದ್ರವಾಗಿದ್ದಾರೆ" ಅಂತ ಬರೆದುಕೊಳ್ಳುತ್ತಾರೆ. ಹತ್ತು ದಿನದ ಆ ಬಡ್ಡಿ ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಸಾಲವೇ ನಮ್ಮ ಸಮೃದ್ಧಿಗೆ ಸಾಕ್ಷಿ ಆಗಿಬಿಟ್ಟಿದೆ.

ಹಾಗಾದರೆ ನನ್ನ ಮನೆ ನಡೆಯುತ್ತಿರುವುದು ಹೇಗೆ? ತೆಂಗಿನಿಂದ ಅಲ್ಲ. ಎರಡು ಹಸು ಇವೆ, ಡೈರಿಯ ಬಟವಾಡೆಯಿಂದ ಅಡುಗೆಮನೆ ನಡೆಯುತ್ತದೆ. ಮಗ ಬೆಂಗಳೂರಿನ ಕಾರ್ಖಾನೆಯಲ್ಲಿ ದುಡಿಯುತ್ತಾನೆ, ತಿಂಗಳಿಗೆ ಎಂಟು ಸಾವಿರ ಕಳಿಸುತ್ತಾನೆ. ತೋಟ ಮಗನನ್ನು ಸಾಕುತ್ತಿಲ್ಲ, ಮಗನ ಸಂಬಳ ತೋಟವನ್ನು ಸಾಕುತ್ತಿದೆ. ಇದು ನನ್ನೊಬ್ಬನ ಕತೆ ಅಂತ ನಾಚಿಕೊಂಡಿದ್ದೆ. ಆದರೆ ಕೇಂದ್ರ ಸರ್ಕಾರವೇ 2019ರಲ್ಲಿ ದೇಶದ ಕೃಷಿ ಕುಟುಂಬಗಳ ಸ್ಥಿತಿಗತಿಯ ಸರ್ವೆ ಮಾಡಿಸಿತು. ಅದರ ಪ್ರಕಾರ ಒಂದು ಕೃಷಿ ಕುಟುಂಬದ ಸರಾಸರಿ ತಿಂಗಳ ಆದಾಯ 10,218 ರೂಪಾಯಿ. ಅದರಲ್ಲಿ ಬೆಳೆಯಿಂದ ಬಂದದ್ದು 3,798, ಕೂಲಿ ಸಂಬಳದಿಂದ ಬಂದದ್ದು 4,063. ರೈತ ಎಂದು ಕರೆಸಿಕೊಳ್ಳುವವನ ಮನೆಗೆ ಬೆಳೆಗಿಂತ ಕೂಲಿಯಿಂದಲೇ ಹೆಚ್ಚು ಬರುತ್ತಿದೆ! ದೇಶದ ಅರ್ಧದಷ್ಟು ಕೃಷಿ ಕುಟುಂಬಗಳು ಸಾಲದಲ್ಲಿದ್ದವು. ಕರ್ನಾಟಕದಲ್ಲಿ ಮೂರರಲ್ಲಿ ಎರಡು ಮನೆ ಸಾಲದಲ್ಲಿದ್ದವು. ಇದು ಸರ್ಕಾರದ್ದೇ ಲೆಕ್ಕ, ನಮ್ಮದಲ್ಲ.

ರಿಸರ್ವ್ ಬ್ಯಾಂಕು ನಗರಗಳಲ್ಲಿ ಆಗಾಗ ಜನರನ್ನು ಕೇಳುತ್ತದೆ: ದೇಶದ ಆರ್ಥಿಕ ಪರಿಸ್ಥಿತಿ ಹೇಗಿದೆ, ನಿಮ್ಮ ಆದಾಯ ಹೇಗಿದೆ, ಮುಂದಿನ ವರ್ಷ ಹೇಗಿರುತ್ತದೆ ಅಂತ. ಈಗಿನದು ಸುಮಾರು ಅನ್ನುವವರೂ ಮುಂದಿನ ವರ್ಷ ಚೆನ್ನಾಗಿರುತ್ತದೆ ಅನ್ನುತ್ತಾರಂತೆ. ನಾವೂ ಅಷ್ಟೇ ಅಲ್ಲವೇ? "ಮುಂದಿನ ವರ್ಷ ಸರಿಹೋಗ್ತದೆ" ಅನ್ನುವ ಒಂದು ಮಾತಿನ ಮೇಲೆ ಎಷ್ಟು ಬೋರ್‌ವೆಲ್ ಕೊರೆಸಿದ್ದೇವೆ, ಎಷ್ಟು ಮದುವೆ ಮಾಡಿದ್ದೇವೆ! ನಂಬಿಕೆ ತಪ್ಪಲ್ಲ, ನಂಬಿಕೆ ಇಲ್ಲದೆ ತೆಂಗಿನ ಸಸಿ ಇಡಲಾಗುವುದಿಲ್ಲ. ಆದರೆ ನಗರದವನ ನಂಬಿಕೆ ಸುಳ್ಳಾದರೆ ಒಂದು ವರ್ಷ ಹೊಸ ಬಟ್ಟೆ ಕೊಳ್ಳುವುದಿಲ್ಲ. ನಮ್ಮ ನಂಬಿಕೆ ಸುಳ್ಳಾದರೆ ಪಹಣಿಯ ಮೇಲೆ ಸಾಲದ ಷರಾ ಬೀಳುತ್ತದೆ.

ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. 2025ರಲ್ಲಿ ಬೆಲೆ ಏರಿದ್ದೇ ತಡ, ನಮ್ಮೂರ ಸುತ್ತ ಎಷ್ಟು ಜನ ಹೊಸ ಸಾಲ ಮಾಡಿದರು ಅಂತ ನಾನು ನೋಡಿದ್ದೇನೆ. ಒಬ್ಬ ಟ್ರ್ಯಾಕ್ಟರ್ ತಂದ, ಮತ್ತೊಬ್ಬ ಮಗಳ ಮದುವೆಗೆ ಕಲ್ಯಾಣ ಮಂಟಪ ಹಿಡಿದ. "ಕೊಬ್ಬರಿ ರೇಟ್ ಹಿಂಗಿರುವಾಗ ಮನೆಯ ಮುಂದೆ ಚಪ್ಪರ ಹಾಕಿದರೆ ಜನ ಏನಂತಾರೆ" ಅಂದ. ಜನ ಅಂದರೆ ಯಾರು? ನಮ್ಮ ಹಾಗೆ ಅಟ್ಟ ಖಾಲಿ ಮಾಡಿಕೊಂಡ ಜನವೇ. ಕೊಬ್ಬರಿ ಇಲ್ಲದವನೂ ಕೊಬ್ಬರಿ ಬೆಲೆಗೆ ತಕ್ಕಂತೆ ಖರ್ಚು ಮಾಡಬೇಕಾಯಿತು. ಲೋಕದ ಕಣ್ಣಿಗೆ ಶ್ರೀಮಂತನಾಗಿ ಕಾಣುವುದಕ್ಕೂ ಬಡ್ಡಿ ಕಟ್ಟಬೇಕು, ಬಾಂಧವರೆ.

ಈ ತಪ್ಪು ತಿಳಿವಳಿಕೆ ಬರೀ ಮಾತಿನಲ್ಲಿ ಮುಗಿಯುವುದಿಲ್ಲ. ಅದರ ಮೇಲೆ ತೀರ್ಮಾನಗಳು ಆಗುತ್ತವೆ. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನಲ್ಲಿ ಆದದ್ದೇ ಇದು. ಕಾಲುವೆ ತೋಡಿದ್ದೇವೆ, ಆದ್ದರಿಂದ ಜಮೀನಿನ ಬೆಲೆ ಏರಿದೆ, ಆದ್ದರಿಂದ ರೈತ ಅಭಿವೃದ್ಧಿ ಕರ ಕೊಡಬಲ್ಲ, ಹೀಗೆ ಸರ್ಕಾರ ಕಾಗದದ ಮೇಲೆ ಲೆಕ್ಕ ಹಾಕಿತು. ಎಷ್ಟೋ ಹೊಲಗಳಿಗೆ ನೀರೇ ತಲುಪಿರಲಿಲ್ಲ. ನರಗುಂದ ನವಲಗುಂದದ ರೈತರು ಎದ್ದು ನಿಂತರು, ಜುಲೈ 21ರಂದು ಗೋಲಿಬಾರಿನಲ್ಲಿ ಜೀವ ತೆತ್ತರು. ರೈತ ಸಾಲಗಾರನಲ್ಲ, ಸರ್ಕಾರವೇ ರೈತನಿಗೆ ಬಾಕಿದಾರ ಎಂಬ ಮಾತು ಆಮೇಲೆ ಹಳ್ಳಿ ಹಳ್ಳಿಗೂ ಬಂತು. ನಮ್ಮ ತಂದೆ ಆ ಮಾತನ್ನು ನಂಬಿದ್ದರು, ಜೊತೆಗೆ ಲೆಕ್ಕವನ್ನೂ ಬರೆದಿಡುತ್ತಿದ್ದರು. "ಬಾಕಿ ಕೇಳೋನು ಚೀಟಿ ತೋರಿಸ್ಬೇಕು ಕಣಪ್ಪ" ಅನ್ನುತ್ತಿದ್ದರು.

ನಮ್ಮ ಹತ್ತಿರ ಈಗ ಚೀಟಿ ಇಲ್ಲ. ಸರ್ಕಾರದ ಹತ್ತಿರ ಇದೆ. 2014ರಲ್ಲಿ ಉಂಡೆ ಕೊಬ್ಬರಿಗೆ 5,500 ಇದ್ದ ಬೆಂಬಲ ಬೆಲೆಯನ್ನು 2026ರ ಸಾಲಿಗೆ 12,500 ಮಾಡಿದ್ದೇವೆ, ಶೇಕಡ 127ರಷ್ಟು ಏರಿಸಿದ್ದೇವೆ ಅಂತ ಅವರು ಹೇಳುತ್ತಾರೆ. ಲೆಕ್ಕ ಸರಿ. ನನ್ನ ಪುಸ್ತಕವನ್ನೂ ತೆಗೆದು ನೋಡಿದೆ. 2014ರಲ್ಲಿ ಗಂಡಾಳಿನ ದಿನಗೂಲಿ 250 ಅಂತಿದೆ, ಈಗ 700. ಕೂಲಿಯವನಿಗೆ ಹೆಚ್ಚಾಯಿತು ಅಂತ ನನ್ನ ತಕರಾರಲ್ಲ, ಅವನಿಗೂ ಮನೆ ಇದೆ. ಕೂಲಿ ಬೆಂಬಲ ಬೆಲೆಗಿಂತ ಮುಂದೆ ಓಡಿದೆ, ಇಳುವರಿ ಅರ್ಧಕ್ಕೆ ಇಳಿದಿದೆ, ಇವೆರಡನ್ನೂ ಹೇಳದೆ ಶೇಕಡ 127 ಅಂದರೆ ಅದು ಅರ್ಧ ಸತ್ಯ.

ಉತ್ಪಾದನಾ ವೆಚ್ಚದ ಒಂದೂವರೆ ಪಟ್ಟು ಕೊಡುತ್ತೇವೆ ಎಂದು 2018ರ ಬಜೆಟ್ಟಿನಲ್ಲಿ ಹೇಳಿದರು. ಯಾವ ವೆಚ್ಚ? ಕೈಯಿಂದ ಹಾಕಿದ ಖರ್ಚು ಮತ್ತು ಮನೆಯವರ ದುಡಿಮೆ, ಅಷ್ಟೇ. ಸ್ವಂತ ಜಮೀನಿನ ಗುತ್ತಿಗೆ, ಹೂಡಿದ ಬಂಡವಾಳದ ಬಡ್ಡಿ ಅದರಲ್ಲಿ ಬರುವುದಿಲ್ಲ. ಅವೆಲ್ಲ ಸೇರಿದ ಪೂರ್ತಿ ವೆಚ್ಚದ ಮೇಲೆ ಅರ್ಧದಷ್ಟು ಲಾಭ ಇಟ್ಟು ಬೆಲೆ ಕಟ್ಟಬೇಕು ಎಂಬುದು ನಮ್ಮ ಬೇಡಿಕೆ. ವೈಜ್ಞಾನಿಕ ಬೆಲೆ ಅಂದರೆ ಇದೇ. ಈ ಬೆಲೆ ಕೇಳಬೇಕಾದರೆ ನಮ್ಮ ವೆಚ್ಚ ಎಷ್ಟು ಅಂತ ನಮಗೇ ಗೊತ್ತಿರಬೇಕು. ನೂರು ಜನ ರೈತರನ್ನು ನಿಲ್ಲಿಸಿ "ಒಂದು ಕ್ವಿಂಟಾಲ್ ಕೊಬ್ಬರಿಗೆ ನಿನಗೆ ಬಿದ್ದ ಖರ್ಚೆಷ್ಟು" ಅಂದರೆ ಎಷ್ಟು ಜನ ಉತ್ತರ ಹೇಳುತ್ತೀರಿ? ಟೆಂಡರಿನ ಬೆಲೆ ಕೇಳಿದರೆ ಮಾತ್ರ ಹತ್ತು ವರ್ಷದ್ದನ್ನೂ ಬಾಯಿಪಾಠ ಒಪ್ಪಿಸುತ್ತೀರಿ!

ಆದ್ದರಿಂದ ನನ್ನ ಸಲಹೆ ಇಷ್ಟು. ಪ್ರತಿ ಮನೆಯಲ್ಲೂ ಇಪ್ಪತ್ತು ಮೂವತ್ತು ರೂಪಾಯಿಯ ಒಂದು ನೋಟು ಪುಸ್ತಕ ಇಡಿ. ಹೈಸ್ಕೂಲು ಓದುವ ಮಗ ಮಗಳ ಕೈಯಲ್ಲಿ ಬರೆಸಿ. ಕಿತ್ತ ಕಾಯಿ, ಕೆಟ್ಟ ಕಾಯಿ, ಮಾರಿದ ತೂಕ, ಮಾರಿದ ದಿನ, ಸಿಕ್ಕ ಬೆಲೆ, ಕೊಟ್ಟ ಕೂಲಿ, ಕಟ್ಟಿದ ಬಡ್ಡಿ, ಎಲ್ಲ ಬರಲಿ. ಹೆಂಡತಿಗೂ ತಿಳಿಯುವಂತೆ ಬರಲಿ. ಎಷ್ಟೋ ಮನೆಯಲ್ಲಿ ಒಡವೆ ಬಿಡಿಸುವ ದಿನದವರೆಗೂ ಸಾಲ ಎಷ್ಟಿದೆ ಅಂತ ಹೆಂಗಸರಿಗೆ ಗೊತ್ತಿರುವುದಿಲ್ಲ. ವರ್ಷಕ್ಕೊಮ್ಮೆ ಊರಿನವರೆಲ್ಲ ಪುಸ್ತಕ ತಂದು ಒಂದೆಡೆ ಕೂಡಿ, ಹೆಸರು ಬಿಟ್ಟು ಲೆಕ್ಕ ಮಾತ್ರ ತೆಗೆದು, ಆ ಊರಿನ ಸರಾಸರಿ ಕಟ್ಟಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನ ಐವತ್ತು ಊರಿನ ಲೆಕ್ಕ ಕೂಡಿದರೆ ಬೆಲೆ ಆಯೋಗದ ಮುಂದೆ ಇಡಬಹುದು, ತಹಶೀಲ್ದಾರರ ಮುಂದೆ ಇಡಬಹುದು, ಓಟು ಕೇಳಲು ಬಂದವರ ಮುಂದೆಯೂ ಇಡಬಹುದು.

ಅದರ ಜೊತೆ ಎರಡು ಬೇಡಿಕೆ. ಒಂದು, ಕೊಬ್ಬರಿ ಬೆಳೆಗಾರನ ಬೆಳೆ ಸಾಲಕ್ಕೆ ಅಟ್ಟದ ಅವಧಿಯೂ ಸೇರಿ ವಾಯಿದೆ ಬೇಕು. ಎರಡು, ಬೆಲೆ ಬೆಂಬಲ ಬೆಲೆಗಿಂತ ಕೆಳಗೆ ಇಳಿದ ವಾರವೇ ಖರೀದಿ ಕೇಂದ್ರ ತಾನಾಗಿ ತೆರೆಯಬೇಕು, ನಾವು ಬೀದಿಗೆ ಇಳಿಯುವವರೆಗೆ ಕಾಯಬಾರದು. ಬೆಲೆ ಚೆನ್ನಾಗಿರುವಾಗಲೇ ಇದನ್ನು ಕೇಳಬೇಕು. ಬೆಲೆ ಬಿದ್ದ ಮೇಲೆ ಕೇಳಿದರೆ ಅದು ಭಿಕ್ಷೆ ಆಗುತ್ತದೆ.

ಮೊನ್ನೆ ಆ ಯಜಮಾನರು ಮತ್ತೆ ಸಿಕ್ಕಿದ್ದರು. ಈ ಸಾರಿ ಪುಸ್ತಕ ನನ್ನ ಚೀಲದಲ್ಲಿತ್ತು, ತೆಗೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಪುಟ ತಿರುವಿದರು. 68,000ದ ಹತ್ತಿರ ಬೆರಳು ನಿಲ್ಲಿಸಿ ಎರಡು ಸಾರಿ ಕೂಡಿ ನೋಡಿದರು. "ನೀವು ಇಬ್ಬರು ದುಡಿದಿದ್ದು ಇದರಲ್ಲಿ ಎಲ್ಲಿದೆ?" ಅಂತ ಕೇಳಿದರು. ಇಲ್ಲ ಅಂದೆ. ಕಾಫಿ ದುಡ್ಡು ಅವರೇ ಕೊಟ್ಟರು.

ಅವರು ಕೇಳಿದ ಆ ಪ್ರಶ್ನೆಯನ್ನು ಸರ್ಕಾರದ ಬಾಯಲ್ಲಿ ಕೇಳಿಸಬೇಕು. ಅದಕ್ಕೆ ಮೊದಲು ನಿಮ್ಮ ಮನೆಯಲ್ಲಿ ಪುಸ್ತಕ ಬರೆಯಲು ಶುರು ಮಾಡಿ.